ಹೊನ್ನಕ್ಕ ತೊಳೆದಿಟ್ಟ ಸೀಬೆಹಣ್ಣು

೪-೯-೭೮, ಸೋಮವಾರ
ಬೆಳಿಗ್ಗೆ ಗಂಜಿ. ಹತ್ತಕ್ಕೆ ಅರ್ಧ ಬಾಳೆಹಣ್ಣು. ಹೊಟ್ಟೆ ಸುಮ್ಮನಿತ್ತು. ಮಧುಗಿರಿ ಡಾಕ್ಟರು ಹೇಳಿದಂತೆ ಬರೆದಿಡುತ್ತಿದ್ದೇನೆ — ಖಾಲಿ ಹೊಟ್ಟೆಗೆ ಹಣ್ಣು ಬೇಡ, ಸಿಪ್ಪೆ ಬೀಜ ಬೇಡ, ಹೊಸ ಹಣ್ಣಾದರೆ ಒಂದೇ ಹೋಳು. ಟೈಫಾಯ್ಡ್ ಬಿಟ್ಟು ಆರು ತಿಂಗಳಾಯಿತು. ಕರುಳು ಇನ್ನೂ ಎಳೆಮಗುವಿನದು.

೭-೯, ಗುರುವಾರ
ಸ್ಕೂಲು ಬಿಟ್ಟ ಮೇಲೆ ಊರಾಚೆಯ ಕುರಿಯವರ ಹಟ್ಟಿಗೆ ಹೋದೆ. ನಾಲ್ಕನೇ ಕ್ಲಾಸಿನ ಜುಂಜಮ್ಮನ ತಾಯಿ ಹೊನ್ನಕ್ಕ ಚಾಪೆ ಹಾಸಿದಳು. ಸೀಬೆಹಣ್ಣು ತೊಳೆದು ತಟ್ಟೆಯಲ್ಲಿಟ್ಟಳು. ಬೇಡ ಎಂದೆ. ಒಂದಾದರೂ ಎಂದಳು. ಬೇಡವೇ ಬೇಡ ಎಂದೆ. ಜಗುಲಿಯ ತುಂಬ ಗಂಡಸರು, ಭೇದಿಯ ಮಾತು ಹೇಗೆ ಆಡುವುದು... ತಟ್ಟೆ ಒಳಗಿಟ್ಟಳು.

೧೮-೯, ಸೋಮವಾರ
ಎಂಟನೇ ತಾರೀಖಿನಿಂದ ಜುಂಜಮ್ಮ ಆಬ್ಸೆಂಟ್. ಕುರಿ ಹಿಂದೆ ಹೋಗಿರಬೇಕು ಅಂದುಕೊಂಡಿದ್ದೆ. ಪಕ್ಕದ ಮನೆಯ ದಾಸಮ್ಮ ಇವತ್ತು ಬಾಯಿಬಿಟ್ಟಳು. ನಮ್ಮನೆ ಹಣ್ಣು ಮುಟ್ಟದವಳು ನಮ್ಮ ಮಗೀಗೆ ಏನು ಕಲಿಸ್ತಾಳೆ ಅಂತ ಹೊನ್ನಕ್ಕ ಬಾವಿ ಹತ್ತಿರ ಅಂದಳಂತೆ.
ಜಾತಿ. ನನಗೆ ಹೊಳೆದೇ ಇರಲಿಲ್ಲ.

೧೯-೯
ಹೊಳೆದಿರಲಿಲ್ಲ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಸಿರಾದ ನಮ್ಮ ಮನೆಯಲ್ಲಿ ಹಾಲು ತರುವವರಿಗೆ ಅಜ್ಜಿ ಬೇರೆ ಲೋಟ ಇಟ್ಟಿದ್ದಳು. ಹೊಟ್ಟೆ ನೆಟ್ಟಗಿದ್ದಿದ್ದರೆ ತಿನ್ನುತ್ತಿದ್ದೆನೇ? ತಿನ್ನುತ್ತಿದ್ದೆ ಅನ್ನಿಸುತ್ತದೆ. ಅನ್ನಿಸುತ್ತದೆ, ಅಷ್ಟೇ.

೨೪-೯, ಭಾನುವಾರ, ಸಂಜೆ
ಐದು ದಿನ ಧೈರ್ಯ ಬರಲಿಲ್ಲ. ಇವತ್ತು ಊಟ ಮುಗಿಸಿಕೊಂಡೇ ಹೋದೆ. ಹೊನ್ನಕ್ಕ ಒಬ್ಬಳೇ ಇದ್ದಳು. ಎಲ್ಲ ಹೇಳಿದೆ — ಟೈಫಾಯ್ಡು, ಭೇದಿ, ಪಾಠದ ಮಧ್ಯೆ ಎದ್ದು ಓಡಿದ್ದು. ಅವಳ ಮುಖ ಬಿಗಿಯಾಗಿಯೇ ಇತ್ತು.
"ಅವತ್ತೇ ಹೇಳಬಾರ್ದಿತ್ತಾ ಟೀಚರಮ್ಮ? ನಂಗೇನು ಹೊಟ್ಟೆ ಇಲ್ವಾ?"
ಹೇಳಬೇಕಿತ್ತು, ತಪ್ಪಾಯಿತು ಎಂದೆ.
ಒಳಗಿನಿಂದ ಪರಂಗಿ ಹಣ್ಣು ತಂದಳು. ಸಿಪ್ಪೆ ಹೆರೆದಳು, ಬೀಜ ಬಳಿದು ಹಾಕಿದಳು, ಬೆರಳುದ್ದದ ಹೋಳು ಕೊಯ್ದಳು.
"ಇದು ಮೆತ್ತಗೈತೆ. ಬ್ಯಾಡ ಅಂದ್ರೆ ಬುಡಿ, ಬೇಜಾರಿಲ್ಲ."
ಕಾಯಿಲೆಯಾದ ಮೇಲೆ ಪರಂಗಿ ಮುಟ್ಟಿರಲಿಲ್ಲ. ತಿಂದೆ. ಸಿಹಿಯಾಗಿತ್ತು. ಅವಳು ನಾನು ತಿನ್ನುವುದನ್ನೇ ನೋಡುತ್ತಿದ್ದಳು.

೨೫-೯, ಸೋಮವಾರ
ಬೆಳಗಿನ ಜಾವ ಸ್ವಲ್ಪ ನುಲಿತ. ಮೆಂತ್ಯ ಹಾಕಿ ಮಜ್ಜಿಗೆ ಕುಡಿದೆ. ಒಂಬತ್ತಕ್ಕೆ ಸರಿಹೋಯಿತು. ಪ್ರಾರ್ಥನೆಯ ಹೊತ್ತಿಗೆ ಜುಂಜಮ್ಮ ಸಾಲಿನ ಕೊನೆಯಲ್ಲಿದ್ದಳು. ಮುಗಿದ ಮೇಲೆ ಹತ್ತಿರ ಬಂದಳು.
"ಹೊಟ್ಟೆ ಹೆಂಗೈತೆ ಕೇಳ್ಕಂಡು ಬಾ ಅಂದ್ಲು ಅವ್ವ."
ಚೆನ್ನಾಗಿದೆ ಅಂತ ಹೇಳು ಎಂದೆ. ನುಲಿತದ ವಿಷಯ ಎತ್ತಲಿಲ್ಲ. ಡಾಕ್ಟರಿಗಾಗಿ ಇಲ್ಲಿಯಾದರೂ ಸರಿಯಾಗಿ ಬರೆಯಬೇಕು — ಪರಂಗಿ, ಒಂದು ಹೋಳು, ಊಟದ ಮೇಲೆ, ಹೊನ್ನಕ್ಕನ ಮನೆಯಲ್ಲಿ. ಬೆಳಗಿನ ಜಾವ ಸ್ವಲ್ಪ ನುಲಿತ, ಒಂಬತ್ತಕ್ಕೆ ಸರಿ.