ನಲವತ್ತನೇ ಲೆವೆಲ್‌ನವರಿಗೆ

ರೀ,

ಇವತ್ತು ನಿಮ್ಮ ಊಟದ ಡಬ್ಬಿ ಕಟ್ಟಿಲ್ಲ. ಅಡುಗೆ ಒಲೆ ಮೇಲಿದೆ, ಬಿಸಿ ಮಾಡಿಕೊಂಡು ತಟ್ಟೆಯಲ್ಲೇ ತಿನ್ನಿ. ಇಸ್ತ್ರಿ ಅಂಗಿ ಸುಮ್ಮನೆ ಹಾಕಿ ಸುಕ್ಕು ಮಾಡಬೇಡಿ. ಹನ್ನೊಂದಕ್ಕೆ ನಲ್ಲಿ ರಿಪೇರಿಯವನು ಬರ್ತಾನೆ. ನೀವು ಮನೆಯಲ್ಲೇ ಇರ್ತೀರಿ ಅಂತ ಹೇಳಿದ್ದೀನಿ.

ನಿಮ್ಮ ಆನ್‌ಲೈನ್ ಆಟದ ಗುಂಪಿನಲ್ಲಿ ‘ಮೊಂಡು ಮಾಟಗಾತಿ’ ಅಂತ ಒಬ್ಬಳಿದ್ದಾಳಲ್ಲ, ಅದು ನಾನೇ. ಮನೆಯಲ್ಲಂತೂ ನೀವು ಬಾಯಿ ಬಿಡಲ್ಲ, ಅಲ್ಲಾದರೂ ಏನು ಮಾತಾಡ್ತೀರಿ ನೋಡೋಣ ಅಂತ ಸೇರಿದೆ.

ಒಂದೇ ತಿಂಗಳಲ್ಲಿ ಹನ್ನೆರಡನೇ ಲೆವೆಲ್‌ನಿಂದ ನಲವತ್ತಕ್ಕೆ ಏರಿದಿರಿ. ಗುಟ್ಟೇನು ಅಂತ ಕೇಳಿದವರಿಗೆಲ್ಲ, ‘ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಿಡದೆ ಆಡಿ’ ಅಂತ ನೀವೇ ಬರೆದಿರಿ. ಅದು ನಿಮ್ಮ ಆಫೀಸಿನ ಹೊತ್ತು. ಆಫೀಸಿಗೆ ಫೋನ್ ಮಾಡಿದೆ. ಕೆಲಸ ಬಿಡಿಸಿ ತಿಂಗಳಾಯಿತಂತೆ.

ಸಿಟ್ಟು ಬಂದಿದೆ. ಕೆಲಸ ಹೋಗಿದ್ದಕ್ಕಲ್ಲ.

ಮೊನ್ನೆ ಆಟದ ಡ್ರ್ಯಾಗನ್ ಗುಹೆಯಲ್ಲಿ ನಾನು ಸಾಯೋ ಹಾಗಿದ್ದಾಗ ಬೈದಿರಿ: ‘ಏನಮ್ಮಾ, ಜೀವ ಕಮ್ಮಿಯಾದ ಕೂಡ್ಲೇ ಗುಂಪಿಗೆ ಹೇಳ್ಬಾರ್ದಾ? ಮುಚ್ಚಿಟ್ಕೊಂಡ್ರೆ ಕಾಪಾಡೋದು ಹೇಗೆ?’

ಆರಕ್ಕೆ ಲ್ಯಾಬ್ ಕೆಲಸ ಮುಗಿಸಿ ಬರ್ತೀನಿ. ಅಷ್ಟರೊಳಗೆ ಹೇಳೋದನ್ನ ಜೋಡಿಸಿಟ್ಟುಕೊಳ್ಳಿ. ಈ ಮನೆಯ ಗುಂಪಿನಲ್ಲಿ ಇರೋದು ನಾವಿಬ್ಬರೇ.