ಅಜ್ಜಿ ಇನ್ನೂ ಬದುಕಿದ್ದಾಳೆ

ಅಪ್ಪಾ,

ಕಾಲೇಜು ಅರ್ಜಿಗೆ ನಾನು ಬರೆದ ಪ್ರಬಂಧದಲ್ಲಿ ತಪ್ಪಿದ್ದರೆ ತಿದ್ದು ಎಂದು ಕೊಟ್ಟರೆ, ನೀನು ಕೊನೆಗೊಂದು ಪ್ಯಾರಾ ಸೇರಿಸಿ ಅಜ್ಜಿಯನ್ನೇ ಸಾಯಿಸಿಬಿಟ್ಟಿದ್ದೀಯಲ್ಲ! ನಿನ್ನ ಹೆತ್ತ ತಾಯಿ ಅವಳು. ನಿನ್ನೆ ಬೌಲಿಂಗ್‌ನಲ್ಲಿ ಹತ್ತೂ ಪಿನ್ನು ಉರುಳಿಸಿ ಗೆದ್ದು ಬಂದಿದ್ದಾಳೆ.

"ಕಷ್ಟ ಕಂಡ ಮಕ್ಕಳಿಗೇ ಕಣೇ ಸೀಟು ಕೊಡೋದು" ಅನ್ನುತ್ತೀಯ. ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನು ಹಿಡಿಯುವುದನ್ನು ಅವಳು ಕಲಿಸಿದ್ದಷ್ಟೇ ನನ್ನ ವಿಷಯ. ಅದಕ್ಕೆ ಸಾವು ಬೇಡ. ಆ ಪ್ಯಾರಾ ತೆಗೆದಿದ್ದೇನೆ, ಮತ್ತೆ ಕೈ ಹಾಕಬೇಡ.

ಕಾರಿನ ಹಿಂದಿನ ಗಾಜಿಗೆ ಅಂಟಿಸಿರುವ ಆ ಕಾಲೇಜಿನ ಸ್ಟಿಕ್ಕರನ್ನೂ ಇವತ್ತೇ ಕಿತ್ತುಹಾಕು. ಕೂಸು ಹುಟ್ಟುವ ಮುಂಚೆ ಕುಲಾವಿ! ಅರ್ಜಿಯೇ ಹೋಗಿಲ್ಲ, ನಮ್ಮ ಬೆಮಿಜಿ ಊರಿಗೆ ಊರೇ ನನ್ನನ್ನು ಅಭಿನಂದಿಸುತ್ತಿದೆ.

ಫ್ರಿಜ್ಜಿನಲ್ಲಿ ಕೋಳಿ ಸೂಪು ಇದೆ, ಬಿಸಿ ಮಾಡಿಕೋ.

ಸಿಟ್ಟಿನಲ್ಲಿ ಅಜ್ಜಿಗೆ ಫೋನ್ ಮಾಡಿ ನಿನ್ನ ಪ್ಯಾರಾ ಓದಿ ಹೇಳಿದೆ, ಅವಳ ಶವಪೆಟ್ಟಿಗೆ ತಬ್ಬಿಕೊಂಡು ಅಪ್ಪ ಮಗುವಿನ ಹಾಗೆ ಅತ್ತ ಅಂತ ನೀನು ಬರೆದದ್ದನ್ನೂ ಸೇರಿಸಿ. ನಿನಗೆ ಚೆನ್ನಾಗಿ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಅದನ್ನು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ, "ನಾನು ಹೋದ್ರೆ ಅವನು ಇಷ್ಟೊಂದು ಅಳ್ತಾನೆ ಅಂತ ಗೊತ್ತೇ ಇರ್ಲಿಲ್ಲ ಕಣೇ. ಅದನ್ನ ನಂಗೆ ಕಳ್ಸು" ಅಂದಳು.

ಕಳಿಸಿದ್ದೇನೆ. ಈಗ ನೀನೇ ಅವಳಿಗೆ ಫೋನ್ ಮಾಡು.

ಮಾರಿಟ್