ಬಕೆಟ್ಟಿನಲ್ಲಿ ಮುಳುಗಿಸಿದ ಹಲಗೆಗಳು

ಮಾರ್ಚ್ ೧೨, ಗುರುವಾರ

ಸಭಾಸದರೇ! ಗೋಡೆ ಗಡಿಯಾರವೇ, ಕುಂಟು ಕುರ್ಚಿಯೇ, ಸೊಳ್ಳೆಗಳೇ, ಕಿವಿಗೊಟ್ಟು ಕೇಳಿ! ನಮ್ಮ ಮರದ ದೋಣಿ ಇಂದು ನನ್ನ ಕೈಯಿಂದ ಪಾರಾಯಿತು.

ತಿಂಗಳುಗಟ್ಟಲೆ ದಡದಲ್ಲಿ ಒಣಗಿ, ನೀರಿನೊಳಗಿರುವ ಭಾಗದ ಹಲಗೆಗಳ ನಡುವೆ ಸಂದು ಬಿಟ್ಟಿತ್ತು. ತುಂಬಲು ನಾನು ಆರಿಸಿದ್ದು ಕಲ್ಲಿನಂತೆ ಗಟ್ಟಿಯಾಗುವ ಅಂಟು. "ಇದು ವಜ್ರಕವಚ!" ಎಂದು ಅಂಗಡಿಯಲ್ಲೇ ಗುಡುಗಿದೆ. ಅಂಗಡಿಯವನು ಚಪ್ಪಾಳೆ ತಟ್ಟಿದ. ನನ್ನವಳು ತಟ್ಟಲಿಲ್ಲ, ರಬ್ಬರಿನಂತೆ ಬಗ್ಗುವ ಇನ್ನೊಂದು ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡಳು.

ಅಡ್ಡಪಟ್ಟಿಗೆ ಬಿಗಿದ ಎರಡು ಜೋಡಿ ಒಣ ಹಲಗೆಗಳ ಸಂದಿಗೆ ಒಂದೊಂದು ಅಂಟು ತುಂಬಿ, ಎರಡು ದಿನ ಒಣಗಿಸಿ, ಬಕೆಟ್ಟಿನಲ್ಲಿ ಮುಳುಗಿಸಿಟ್ಟಳು. ಇಂದು ಸಂಜೆ ಎತ್ತಿ ನೋಡಿದೆವು. ನೀರು ಕುಡಿದು ಮರ ಊದಿತ್ತು. ನನ್ನ ವಜ್ರಕವಚ ಹಟ ಹಿಡಿದು ಹಲಗೆಯ ಅಂಚನ್ನೇ ಸೀಳಿತ್ತು. ಅವಳದು ಬಗ್ಗಿಕೊಂಡು, ಎರಡೂ ಕಡೆ ಕಚ್ಚಿ ಹಿಡಿದಿತ್ತು.

"ಮರ ಊದ್ಕೊಳ್ಳೋಕೆ ಜಾಗ ಬೇಡ್ವೇನ್ರೀ? ನಿಮ್ಮ ಅಂಟೂ ನಿಮ್ಮ ಹಾಗೇ, ಒಂಚೂರೂ ಜರುಗಲ್ಲ!"

ನಕ್ಕುಬಿಟ್ಟೆ. ಆಮೇಲೆ ಸೀಳಿದ ಹಲಗೆಯನ್ನು ಮತ್ತೆ ಕೈಗೆತ್ತಿಕೊಂಡೆ. ಆ ದೋಣಿ ಮತ್ತೆ ನೀರಿಗಿಳಿದರೆ ಅದರಲ್ಲಿ ದಿನಾ ಬಲೆ ಹಾಕಲು ಹೋಗುವವರು ಮಗಳು, ಅಳಿಯ. ಮಗಳಿಗೆ ಈಜು ಬಾರದು. ನಡುನೀರಿನಲ್ಲಿ ಹಲಗೆ ಸೀಳಿದ್ದರೆ... ಬೇಡ, ಬರೆಯಲಾರೆ.

ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ, ಪುಣ್ಯಾತ್ಗಿತ್ತಿ. ಜನ್ಮವಿಡೀ ರಂಗದ ಮೇಲೆ ಗರ್ಜಿಸಿದ ಈ ಬಾಯಿಗೆ ಅವಳೆದುರು ಒಂದು ಥ್ಯಾಂಕ್ಸ್ ಹೊರಡಲಿಲ್ಲ.

ನಾಳೆ ಬೆಳಿಗ್ಗೆ, ಸಭಾಸದರೇ, ಸಂದುಗಳನ್ನೆಲ್ಲ ಕೆರೆದು, ಒರೆಸಿ, ಅವಳ ಟ್ಯೂಬನ್ನು ಅವಳ ಕೈಗೇ ಕೊಡುತ್ತೇನೆ. ನಾನು ಚಿಂದಿಬಟ್ಟೆ ಹಿಡಿದು, ಬಾಯಿ ಮುಚ್ಚಿಕೊಂಡು, ಪಕ್ಕದಲ್ಲಿ ನಿಲ್ಲುತ್ತೇನೆ.